ಹೋಸ್ಟ್ ಮುಚ್ಚಿದೆ ಸರಿ, ಏಕೆ ಮುಚ್ಚಿದೆ?

ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಎಲ್‌ಎಸ್‌ಎಫ್ ಚೆನ್ನಾಗಿ ಗೊತ್ತು. ಸಿಮ್ಯುಲೇಶನ್ ಜಾಬ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಈ ತಂತ್ರಾಂಶದ ಬೇರು ಇರುವುದು ಟೊರಾಂಟೊ ವಿಶ್ವವಿದ್ಯಾಲಯದ ‘ಯುಟೋಪಿಯಾ’ ಸಂಶೋಧನೆಯಲ್ಲಿ. 1992ರಲ್ಲಿ ಅದರಿಂದ ಪ್ಲಾಟ್‌ಫಾರ್ಮ್ ಕಂಪ್ಯೂಟಿಂಗ್ ಕಂಪನಿ ಹುಟ್ಟಿತು, 2012ರಲ್ಲಿ ಅದು ಐಬಿಎಂ ಕೈಸೇರಿತು. ಜಾಬ್ ಹಂಚುವ ಎಲ್‌ಎಸ್‌ಎಫ್‌ನ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಯಾವ ಯಂತ್ರದ (ಹೋಸ್ಟ್‌ನ) ಸ್ಥಿತಿ ಏನೆಂದು ಬಳಸುವವರಿಗೆ ಅದು ತಿಳಿಸುವ ರೀತಿಯ ಬಗ್ಗೆ ಮಾತ್ರ ಇದೆ.

ಈ ಸ್ಥಿತಿ ತಿಳಿಯಲು ಮೂರು ಕಮಾಂಡ್‌ಗಳಿವೆ. ಯಂತ್ರದ ಮಾದರಿ, ಸಿಪಿಯು, ಒಟ್ಟು ಮೆಮೊರಿಯಂಥ ಬದಲಾಗದ ಸಂಗತಿಗಳಿಗೆ ‘ಎಲ್‌ಎಸ್‌ಹೋಸ್ಟ್ಸ್’. ಈ ಕ್ಷಣದ ಹೊರೆಗೆ ‘ಎಲ್‌ಎಸ್‌ಲೋಡ್’. ಜಾಬ್‌ಗಳಿಗೆ ಯಂತ್ರದಲ್ಲಿರುವ ಜಾಗಗಳಾದ ಸ್ಲಾಟ್‌ಗಳಿಗೆ ‘ಬಿಹೋಸ್ಟ್ಸ್’. ಸ್ಥಿರವಾದದ್ದನ್ನೂ ಚಲಿಸುವುದನ್ನೂ ಬೇರೆ ಇಟ್ಟ ಈ ವಿಂಗಡಣೆ ಸರಿಯಾದದ್ದೇ. ಆದರೆ ಎಲ್‌ಎಸ್‌ಲೋಡ್‌ನಲ್ಲಿ ಯಂತ್ರಕ್ಕೆ ಎಷ್ಟು ಮಂದಿ ಲಾಗಿನ್ ಆಗಿದ್ದಾರೆ, ಎಷ್ಟು ನಿಮಿಷದಿಂದ ಯಾರೂ ಕೀಬೋರ್ಡ್ ಮುಟ್ಟಿಲ್ಲ ಎಂಬ ಕಾಲಂಗಳು ಇಂದಿಗೂ ಉಳಿದಿವೆ. ಮೇಜಿನ ಮೇಲಿನ ವರ್ಕ್‌ಸ್ಟೇಶನ್ ಬಿಡುವಾದಾಗ ಅದಕ್ಕೆ ಕೆಲಸ ಕೊಡುತ್ತಿದ್ದ ಕಾಲಕ್ಕೆ ಅವು ಬೇಕಿದ್ದವು. ಡೇಟಾ ಸೆಂಟರ್‌ನ ಸರ್ವರ್ ಮುಂದೆ ಯಾರೂ ಕೂರುವುದಿಲ್ಲ.

ನಿಜವಾದ ತೊಂದರೆ ಮೆಮೊರಿಯದು. 256 ಜಿಬಿ ಯಂತ್ರದಲ್ಲಿ ಓಡುತ್ತಿರುವ ಜಾಬೊಂದು 200 ಜಿಬಿ ಕಾದಿರಿಸಿಕೊಂಡಿದೆ, ಸದ್ಯ ಬಳಸಿರುವುದು 20 ಅಷ್ಟೇ ಎಂದುಕೊಳ್ಳಿ. ಎಲ್‌ಎಸ್‌ಲೋಡ್ ಬಳಕೆಯಾಗದ ಮೆಮೊರಿಯನ್ನಷ್ಟೇ ನೋಡುತ್ತದೆ, ಆದ್ದರಿಂದ ಯಂತ್ರ ಬಹುಪಾಲು ಖಾಲಿಯಾಗಿ ಕಾಣುತ್ತದೆ. 100 ಜಿಬಿ ಕೇಳುವ ನಿಮ್ಮ ಜಾಬ್ ಮಾತ್ರ ಅಲ್ಲಿಗೆ ಹೋಗುವುದೇ ಇಲ್ಲ, ಏಕೆಂದರೆ ಜಾಬ್ ಹಂಚುವ ಶೆಡ್ಯೂಲರ್ ಕಾದಿರಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಎರಡು ಲೆಕ್ಕವೂ ಸುಳ್ಳಲ್ಲ. ಆದರೂ ಹೊಸ ಎಂಜಿನಿಯರ್ ಮೊದಲು ನೋಡುವ ಪರದೆಯಲ್ಲಿ ಎರಡನೆಯ ಲೆಕ್ಕದ ಸುಳಿವೇ ಇಲ್ಲ. ‘ಬಿಹೋಸ್ಟ್ಸ್ -ಎಲ್’ನ ಉದ್ದನೆಯ ವಿವರದಲ್ಲಿ ಅದನ್ನು ಹುಡುಕಬೇಕು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ ಇಂಥದೇ ತಂತ್ರಾಂಶ ಸ್ಲರ್ಮ್ ಈ ವಿಷಯದಲ್ಲಿ ಮೇಲು. ಅದರ ‘ಎಸ್‌ಕಂಟ್ರೋಲ್ ಶೋ ನೋಡ್’ ಒಟ್ಟು ಮೆಮೊರಿ, ಹಂಚಿಕೆಯಾದದ್ದು, ನಿಜಕ್ಕೂ ಖಾಲಿ ಇರುವುದು ಮೂರನ್ನೂ ಒಂದೆಡೆ ಕೊಡುತ್ತದೆ.

ಇನ್ನು ಬಿಹೋಸ್ಟ್ಸ್ ತೋರಿಸುವ ‘ಕ್ಲೋಸ್ಡ್’ ಎಂಬ ಸ್ಥಿತಿ. ಸ್ಲಾಟ್ ತುಂಬಿದರೂ ಅದೇ, ಹೊರೆ ಮಿತಿ ಮೀರಿದರೂ ಅದೇ, ಅಡ್ಮಿನ್ ದುರಸ್ತಿಗೆಂದು ಮುಚ್ಚಿದರೂ ಅದೇ. ಮೊದಲೆರಡರಲ್ಲಿ ಕಾದರೆ ಸಾಕು, ಮೂರನೆಯದರಲ್ಲಿ ಕಾಯುವುದು ವ್ಯರ್ಥವಾಗಬಹುದು. ಬಿಹೋಸ್ಟ್ಸ್ ಜೊತೆ ‘-ಡಬ್ಲ್ಯು’ ಸೇರಿಸಿದರೆ ಯಾವ ಬಗೆಯ ಮುಚ್ಚುವಿಕೆ ಎಂದು ತಿಳಿಯುತ್ತದೆ. ಇಷ್ಟು ಮುಖ್ಯವಾದ ಸಂಗತಿ ಕೇಳದೆಯೇ ಕಾಣಬೇಕಿತ್ತು. ಸ್ಲರ್ಮ್‌ನಲ್ಲಿ ಅಡ್ಮಿನ್ ಒಂದು ಯಂತ್ರವನ್ನು ಕೆಲಸದಿಂದ ಹೊರಗಿಡಬೇಕಾದರೆ ಕಾರಣ ಬರೆಯಲೇಬೇಕು. ‘ಎಸ್‌ಇನ್ಫೊ -ಆರ್’ ಎಂದರೆ ಯಾರು ಬೇಕಾದರೂ ಅದನ್ನು ಓದಬಹುದು. ಎಲ್‌ಎಸ್‌ಎಫ್‌ನಲ್ಲೂ ‘ಬ್ಯಾಡ್ಮಿನ್ ಎಚ್‌ಕ್ಲೋಸ್’ ಜೊತೆ ‘-ಸಿ’ ಕೊಟ್ಟು ಟಿಪ್ಪಣಿ ಬರೆಯಬಹುದು, ಆದರೆ ಕಡ್ಡಾಯವಿಲ್ಲ.

ಕ್ಲಸ್ಟರ್ ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಹೋಸ್ಟ್ ಮುಚ್ಚುವಾಗಲೆಲ್ಲ ಏಕೆ, ಯಾವಾಗಿನವರೆಗೆ ಎಂದು ಒಂದು ಸಾಲು ಬರೆಯಿರಿ.