ಕಾಟಕಾಯಿಯೆಂಬ ತೀರ್ಪು

ಹೆಸರಿಡುವುದೂ ಒಂದು ಬಗೆಯ ತೀರ್ಪೇ ಸರಿ. ಉಪ್ಪಿನಂಗಡಿ, ಪುತ್ತೂರು, ಸುಳ್ಯಗಳ ಸೀಮೆಯಲ್ಲಿ 1837ರ ದಂಗೆಯು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ಯೆಂದು ಕರೆಯಲ್ಪಟ್ಟುದನ್ನು ವಾಚಕರು ಬಲ್ಲರು. ಕಾಟಕಾಯಿಯೆಂದರೆ ಸುಲಿಗೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕುಂಪಣಿ ಸರಕಾರವು ಅಮರ ಸುಳ್ಯ ಮುಂತಾದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದ ಕಂದಾಯವನ್ನು ನಗದಾಗಿ ಕೇಳಿದುದು ಅದರ ಮುಖ್ಯ ಕಾರಣಗಳಲ್ಲೊಂದು. ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿಗೆ ನಡೆದ ಜನರು ಅಲ್ಲಿ ಕೆಲವು ದಿನ ಅಧಿಕಾರ ನಡೆಯಿಸಿದರು. ಬಳಿಕ ಮುಂದಾಳುಗಳಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ದೂರುಗಾರನೂ ಕುಂಪಣಿ, ನ್ಯಾಯಾಧಿಪತಿಯೂ ಕುಂಪಣಿ! ಆ ತೀರ್ಪು ಸರಕಾರದ ಕಡತದಲ್ಲಿ ಉಳಿಯದೆ, ಸೋತವರ ಮೊಮ್ಮಕ್ಕಳ ನಾಲಗೆಯಲ್ಲಿಯೇ ಒಂದು ನುಡಿಯಾಗಿ ನೆಲೆಸಿದುದು ಶೋಚನೀಯವು.

ಕುಳ್ಕುಂದದಲ್ಲಿ ಜನಿಸಿದ ನಿರಂಜನರು ಇದೇ ವಸ್ತುವನ್ನು ಕಾದಂಬರಿಗೆ ಎತ್ತಿಕೊಂಡಾಗ, ಜನರು ನಂಬಿ ಹಿಂಬಾಲಿಸಿದ ‘ಕಲ್ಯಾಣಸ್ವಾಮಿ’ ಎಂಬ ಹೆಸರನ್ನೇ ಕೃತಿಗೆ ಇಟ್ಟರು. ಆ ಶಿರೋನಾಮೆಯೇ ಹಳೆಯ ತೀರ್ಪಿನ ಮೇಲೆ ಹೂಡಿದ ಅಪೀಲು.

ಆದರೆ ಅಪೀಲಿಗೂ ಮಿತಿಯುಂಟು. ಹಲವರು ಸತ್ತೆಡೆಯಲ್ಲೆಲ್ಲ ‘ನರಮೇಧ’ವೆಂದು ಬರೆಯುವುದು ಈಗ ವಾಡಿಕೆಯಾಗಿದೆ. ಮೇಧವೆಂದರೆ ಯಜ್ಞ, ಕೊಂದವನು ಯಜಮಾನನಲ್ಲ, ಸತ್ತವರು ಹವಿಸ್ಸಲ್ಲ. ‘ಜನಾಂಗಹತ್ಯೆ’ಯೆಂಬ ಪದವೇ ಸಮರ್ಪಕ. ಈ ಅರ್ಥದ ಪದವನ್ನು ಪೋಲೆಂಡಿನ ನ್ಯಾಯಜ್ಞ ರಾಫೆಲ್ ಲೆಮ್ಕಿನ್ನರು 1944ರಲ್ಲಿ ಪ್ರಚುರಪಡಿಸಿದರು. ರಾಷ್ಟ್ರ, ಕುಲ, ವರ್ಣ ಅಥವಾ ಧರ್ಮದಿಂದ ಗುರುತಾದ ಸಮೂಹವೊಂದನ್ನು ಪೂರ್ಣವಾಗಿ ಇಲ್ಲವೆ ಭಾಗಶಃ ನಾಶಮಾಡುವ ಸಂಕಲ್ಪವೇ ಅದರ ಲಕ್ಷಣವೆಂದು 1948ರ ವಿಶ್ವಸಂಸ್ಥೆಯ ಒಪ್ಪಂದವು ವಿಧಿಸಿತು. ಬಿಕರ್ನಕಟ್ಟೆಯ ನೇಣು ಆ ಲಕ್ಷಣಕ್ಕೆ ಒಳಪಡದು. ಅಷ್ಟರಿಂದಲೇ ಅದು ನ್ಯಾಯವೂ ಆಗದು.

ಗೆದ್ದವರೇ ತೀರ್ಪುಗಾರರಾಗುವ ದೋಷವು ಮುಂದೆಯೂ ಅಳಿಯಲಿಲ್ಲ. ಟೋಕಿಯೋ ನ್ಯಾಯಮಂಡಲಿಯಲ್ಲಿದ್ದ ರಾಧಾಬಿನೋದ ಪಾಲರು 1948ರಲ್ಲಿ ಭಿನ್ನಮತವನ್ನು ಬರೆದು, ಆರೋಪಿಗಳೆಲ್ಲರೂ ನಿರ್ದೋಷಿಗಳೆಂದರು. ಆದರೂ ಜಪಾನಿ ಸೈನ್ಯದ ಕ್ರೌರ್ಯಗಳು ನಡೆದುವೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅವರ ನಿರ್ಣಯವನ್ನು ಒಪ್ಪದವರೂ ಈ ವಿವೇಚನೆಯನ್ನು ಮೆಚ್ಚಬಹುದು. 2002ರಿಂದ ಹೇಗಿನಲ್ಲಿ ಸ್ಥಿರವಾದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿದೆ. ಅಮೆರಿಕ, ರಷ್ಯ, ಚೀನ, ಭಾರತಗಳು ಅದರ ಸದಸ್ಯರಾಗಿಲ್ಲ.

ನ್ಯಾಯಾಲಯದ ಬಾಗಿಲು ತೆರೆಯದ ಇಂಥ ವ್ಯಾಜ್ಯಗಳು ಸಾಹಿತ್ಯದ ಮುಂದೆ ಬರುತ್ತವೆ. ಸಾಹಿತಿಯು ದಂಡಿಸಲಾರನು, ಸರಿಯಾಗಿ ಹೆಸರಿಸಬಲ್ಲನು. ‘ಕಾಟಕಾಯಿ’ಯನ್ನು ತೊರೆದವರು ಅದರ ಎಡೆಗೆ ‘ನರಮೇಧ’ವನ್ನು ತಾರದಿರಲಿ. ದಂಗೆಯನ್ನು ದಂಗೆಯೆಂದೂ ಅನ್ಯಾಯದ ವಿಚಾರಣೆಯನ್ನು ಅನ್ಯಾಯವೆಂದೂ ಕರೆದರೆ, ಬಿಕರ್ನಕಟ್ಟೆಯಲ್ಲಿ ಮಡಿದವರಿಗೆ ಸಲ್ಲತಕ್ಕುದು ಸಂದಂತಾಗುವುದು.