ದಿಣ್ಣನ ಹುಟ್ಟು: ‘ಬೇಡರ ಕಣ್ಣಪ್ಪ’ ಮತ್ತು ‘ಜನಾಂಗ’ ಎಂಬ ಮಾತು

ಕನ್ನಡದಲ್ಲಿ ‘ಜನಾಂಗ’ ಅನ್ನೋ ಪದಕ್ಕೆ ಎರಡು ಕೆಲಸ. ಪಠ್ಯಪುಸ್ತಕದಲ್ಲಿ ಆರ್ಯ ಜನಾಂಗ, ದ್ರಾವಿಡ ಜನಾಂಗ ಅಂತ ಓದ್ತೀವಿ. ಊರಲ್ಲಿ ‘ಅವರು ಯಾವ ಜನಾಂಗ?’ ಅಂದರೆ ಅದು ಜಾತಿಯ ಪ್ರಶ್ನೆ. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ: ಮನುಷ್ಯನ ಯೋಗ್ಯತೆ ಹುಟ್ಟಿನಲ್ಲೇ ತೀರ್ಮಾನವಾಗಿರುತ್ತದೆ. ‘ಬೇಡರ ಕಣ್ಣಪ್ಪ’ (1954) ಈ ನಂಬಿಕೆಯನ್ನು ಎದುರಿಸುತ್ತದೆಯೇ, ಒಪ್ಪುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದಲ್ಲಿ ದೊಡ್ಡಗಾಜನೂರಿನ ಮುತ್ತುರಾಜ್ ‘ರಾಜ್‌ಕುಮಾರ್’ ಆದರು. ಅವರ ಊರಿರುವ ತಾಳವಾಡಿ ಬೆಟ್ಟಸೀಮೆ ಸೋಲಿಗರ ನೆಲವೂ ಹೌದು. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಪಟ್ಟಿಮಾಡಿದಾಗ ಸೋಲಿಗರೂ ಅದರಲ್ಲಿ ಸೇರಿದರು. ಮೂಗು, ತಲೆಗಳ ಅಳತೆಯಿಂದ ಜನರನ್ನು ವಿಂಗಡಿಸಬಹುದು ಎಂಬುದು ಆ ವಿದ್ಯೆಯ ಭರವಸೆ.

ಚಿತ್ರ ಅಳತೆಪಟ್ಟಿ ಹಿಡಿಯುವುದಿಲ್ಲ, ನಿಜ. ಆದರೆ ದಿಣ್ಣ ಮತ್ತು ನೀಲ ಸ್ವರ್ಗದಿಂದ ಹೊರಬಿದ್ದು ಬೇಡರಾಗಿ ಹುಟ್ಟಿದವರು ಎಂದು ಮೊದಲೇ ಹೇಳಿಬಿಡುತ್ತದೆ. ಅಂದರೆ ಬೇಡನ ಭಕ್ತಿ ಬೇಡನದಲ್ಲ, ಅವನೊಳಗಿನ ದೇವತೆಯದು! ಶಾಪದ ಕಥೆ ಪುರಾಣಗಳಲ್ಲಿ ಮಾಮೂಲಿ ಅಂತ ನೀವು ಹೇಳಬಹುದು. ಹೌದು, ರಾಜರಿಗೂ ಶಾಪವಿದೆ. ಆದರೆ ರಾಜ ದೊಡ್ಡವನಾದರೆ ಯಾರೂ ಕಾರಣ ಕೇಳುವುದಿಲ್ಲ. ಬೇಡ ದೊಡ್ಡವನಾದರೆ ಮಾತ್ರ ಕಾರಣ ಬೇಕಾಗುತ್ತದೆ.

ಚಿತ್ರ ತನ್ನ ಚೌಕಟ್ಟನ್ನೇ ಮೀರುವುದು ಒಂದು ಕಡೆ. ಅರ್ಚಕ ದಿಣ್ಣನ ಮೇಲೆ ಕಳವಿನ ಆರೋಪ ಹೊರಿಸುತ್ತಾನೆ, ದಿಣ್ಣ ಹಿಂಸೆಗೊಳಗಾಗುತ್ತಾನೆ. ಇಲ್ಲಿ ಯಾವ ಶಾಪವೂ ಬೇಕಿಲ್ಲ. ಅವನು ಬೇಡ, ಅಷ್ಟು ಸಾಕು. ಈ ಭಾಗ ಪುರಾಣವಾಗಿ ಉಳಿಯಲಿಲ್ಲ. ವೀರಪ್ಪನ್ ಶೋಧದ ಕಾಲದಲ್ಲಿ ಜಂಟಿ ಕಾರ್ಯಪಡೆ ಗಡಿಕಾಡಿನ ಸೋಲಿಗರನ್ನೂ ಇತರ ಹಳ್ಳಿಗರನ್ನೂ ಹಿಂಸಿಸಿತು ಎಂಬ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಘೋಷಿಸಿತು.

2000ದಲ್ಲಿ ದೊಡ್ಡಗಾಜನೂರಿನಿಂದ ಅಪಹರಣವಾದ ರಾಜ್‌ಕುಮಾರ್ ಅವರ 108 ದಿನಗಳ ಲೆಕ್ಕ ಕನ್ನಡಿಗರಿಗೆಲ್ಲ ಬಾಯಿಪಾಠ. ಆ 89 ಮಂದಿಯ ಲೆಕ್ಕ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾರ ನೋವು ನಾಡಿನ ನೋವಾಗುತ್ತದೆ, ಯಾರದು ಕಡತವಾಗುತ್ತದೆ ಎಂಬುದನ್ನೂ ‘ಜನಾಂಗ’ವೇ ತೀರ್ಮಾನಿಸುತ್ತಿದೆ. ಹಾಗಾಗಿ ದಿಣ್ಣನನ್ನು ಬರೀ ಬೇಡನಾಗಿಯೇ, ಸ್ವರ್ಗದ ಶಿಫಾರಸಿಲ್ಲದೆ ಓದಬೇಕು ಎಂಬುದು ನನ್ನ ವಾದ. ಕಣ್ಣು ಕೊಟ್ಟವನು ಅವನೇ ತಾನೆ? ಚರ್ಚೆಗೆ ಸ್ವಾಗತ.