ಮೇಲಿನ ದಾರಿ, ಕೆಳಗಿನ ದಾರಿ

ಮೆಡಿಟರೇನಿಯನ್ ದಂಡೆಯ ನೀಸ್ ನಗರದಲ್ಲಿ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೊನೆಟ್ ಎಂಬ ಬೆಟ್ಟದ ಮೇಲೆ, 2,802 ಮೀಟರ್ ಎತ್ತರದಲ್ಲಿ ಕಾರು ನಿಲ್ಲಿಸಬಹುದು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಅದು ಎಂಟುನೂರು ಮೀಟರಿಗೂ ಹೆಚ್ಚು ಮೇಲೆ. ಅಲ್ಲಿಂದ ಆಲ್ಪ್ಸ್ ಹತ್ತಿಳಿಯುತ್ತ ಇಟಲಿ ದಾಟಿ ಸ್ವಿಟ್ಜರ್‌ಲೆಂಡ್ ಸೇರುವ ಪಯಣ, ಕಾರು ಓಡಿಸುವುದನ್ನು ಪ್ರೀತಿಸುವವರು ಒಮ್ಮೆಯಾದರೂ ಮಾಡಲೇಬೇಕಾದದ್ದು. ಆದರೆ ಅದರ ಸುಖದುಃಖ ನಿರ್ಧಾರವಾಗುವುದು ಊರಲ್ಲೇ, ನಕಾಶೆ ಹರಡಿಕೊಂಡು ಕೂತಾಗ.

ಮೊದಲು ತಿಂಗಳಿನ ಲೆಕ್ಕ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್, ಮೇನಲ್ಲಿ. ಆಗ ಆಲ್ಪ್ಸ್‌ನ ಎತ್ತರದ ಪಾಸ್‌ಗಳು (ಬೆಟ್ಟದ ಸಾಲು ದಾಟುವ ರಸ್ತೆಗಳು) ಹಿಮದಡಿ ಇರುತ್ತವೆ. ಅವು ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚುತ್ತವೆ. ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಹಾದುಹೋಗುವ ದಿನ ಪಾಸ್‌ಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. 2024ರಲ್ಲಿ ಅದು ಇದೇ ಬೊನೆಟ್ ಏರುದಾರಿಯಲ್ಲಿ ಹೋಯಿತು. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿ, ಫ್ರಾನ್ಸ್ ಎರಡೂ ರಜೆಯಲ್ಲಿರುತ್ತವೆ, ರಸ್ತೆ ಗಿಜಿಗುಡುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್‌ನ ಮೊದಲ ಎರಡು ವಾರವೇ ಸರಿ.

ಈಗ ದಾರಿ. ನೀಸ್‌ನಿಂದ ತೀನೆ ನದಿಯ ಕಣಿವೆ ಹಿಡಿದು ಉತ್ತರಕ್ಕೆ ಸಾಗಿದರೆ ಬೊನೆಟ್ ಪಾಸ್. ಪಾಸ್ ಇರುವುದು 2,715 ಮೀಟರ್‌ನಲ್ಲಿ. ಅಲ್ಲಿಂದ ಶಿಖರವನ್ನು ಸುತ್ತಿಬರುವ ತುಂಡುರಸ್ತೆ 2,802 ಮುಟ್ಟುತ್ತದೆ. ಏರುವಾಗ ರಸ್ತೆಯ ಬದಿಯಲ್ಲೇ ಪಾಳುಬಿದ್ದ ಸೈನಿಕರ ವಸತಿಗಳು ಸಿಗುತ್ತವೆ. ಇಟಲಿಯ ಗಡಿ ಕಾಯಲೆಂದು ಕಟ್ಟಿದ ಈ ಕಲ್ಲುಕಟ್ಟಡಗಳನ್ನು ನೋಡಿದಾಗ, ಇಷ್ಟು ಎತ್ತರಕ್ಕೆ ರಸ್ತೆ ಯಾಕೆ ಬಂತೆಂಬುದು ಅರ್ಥವಾಗುತ್ತದೆ. ಆಚೆ ಇಳಿದರೆ ಬಾರ್ಸಲೊನೆಟ್. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಯ ಜನ ಮೆಕ್ಸಿಕೋಗೆ ಹೋಗಿ ಬಟ್ಟೆ ವ್ಯಾಪಾರದಲ್ಲಿ ದುಡಿದು, ಮರಳಿ ಬಂದು ಬಂಗಲೆಗಳನ್ನು ಕಟ್ಟಿಸಿದರು. ಮೊದಲ ರಾತ್ರಿ ತಂಗಲು ಇದಕ್ಕಿಂತ ಒಳ್ಳೆಯ ಊರು ಬೇಡ.

ಮರುದಿನ ವಾರ್ ಪಾಸ್ ದಾಟಿ ಆನ್ಯೆಲ್ಲೊ ಪಾಸ್‌ಗೆ, 2,744 ಮೀಟರ್. ಫ್ರಾನ್ಸ್ ಮತ್ತು ಇಟಲಿಯ ಗಡಿ ಅದೇ ನೆತ್ತಿಯ ಮೇಲೆ. ಇಟಲಿಯ ಕಡೆ ಕಿಯಾನಾಲೆ ಹಳ್ಳಿಯವರೆಗೆ ಸುಮಾರು ಹತ್ತು ಕಿಲೋಮೀಟರಿನಲ್ಲಿ 900 ಮೀಟರಿಗೂ ಹೆಚ್ಚು ಇಳಿಯಬೇಕು. ಅಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗುವವರ ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ, ಬ್ರೇಕ್ ಹಿಡಿತ ತಪ್ಪುತ್ತದೆ. ಎರಡನೇ ಗೇರಿಗೆ ಇಳಿಸಿ, ಎಂಜಿನ್ನೇ ಕಾರನ್ನು ಹಿಡಿದಿಟ್ಟುಕೊಳ್ಳಲಿ. ತಿರುವಿಗೆ ಮುನ್ನ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಬಿಟ್ಟುಬಿಡಿ.

ಮುಂದೆ ಇಟಲಿಯೊಳಗೇ ಉತ್ತರಕ್ಕೆ ಸಾಗಿ, ಆವೋಸ್ತಾ ಕಣಿವೆಯಿಂದ ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸ್, 2,469 ಮೀಟರ್. ದಾರಿಹೋಕರಿಗೆ ಆಶ್ರಯ ಕೊಡುವ ಅಲ್ಲಿಯ ಸನ್ಯಾಸಿಗಳ ಮಠ ಹನ್ನೊಂದನೇ ಶತಮಾನದ್ದು. ನೆಪೋಲಿಯನ್ 1800ರ ಮೇನಲ್ಲಿ ಸೈನ್ಯದೊಂದಿಗೆ ದಾಟಿದ್ದು ಇಲ್ಲೇ. ಕೆಳಗೆ ಸ್ವಿಟ್ಜರ್‌ಲೆಂಡಿನ ಮಾರ್ತಿನಿ. ಅಲ್ಲಿಂದ ರೋನ್ ನದಿಯ ಎದುರು ಸಾಗಿದರೆ ಫುರ್ಕಾ ಪಾಸ್ ಮತ್ತು ನದಿ ಹುಟ್ಟುವ ಹಿಮನದಿ. ಈ ನೀರು ಕೊನೆಗೆ ಸೇರುವುದು ನೀವು ಹೊರಟುಬಂದ ಅದೇ ಮೆಡಿಟರೇನಿಯನ್‌ಗೆ. ಪಯಣದ ಕೊನೆಯ ಪಾಸ್ ಇದೇ ಆಗಿರಲಿ ಎನ್ನುವುದು ಅದಕ್ಕೇ.

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದೇ: ಪ್ರತಿ ದಿನಕ್ಕೂ ಮೇಲಿನ ದಾರಿಯೊಂದು, ಕೆಳಗಿನ ದಾರಿಯೊಂದು ಬರೆದಿಟ್ಟುಕೊಳ್ಳಿ. ಬೊನೆಟ್ ಮುಚ್ಚಿದ್ದರೆ ದ್ಯುರಾನ್ಸ್ ಕಣಿವೆಯ ಹೆದ್ದಾರಿಯಿಂದ ಗಾಪ್ ಪಟ್ಟಣಕ್ಕೆ. ಆನ್ಯೆಲ್ಲೊ ಇಲ್ಲವಾದರೆ ಚಳಿಗಾಲದಲ್ಲೂ ತೆರೆದಿಡುವ ಮೊಂಜನೆವ್ರ್ ಪಾಸ್. ಸೇಂಟ್ ಬರ್ನಾರ್ಡ್ ಪಾಸಿನ ಅಡಿಯಲ್ಲಿ 1964ರಿಂದ ಟೋಲ್ ಸುರಂಗವಿದೆ. ಫುರ್ಕಾ ಕೆಳಗೆ 1982ರಲ್ಲಿ ತೆರೆದ ರೈಲು ಸುರಂಗದಲ್ಲಿ ಕಾರನ್ನೇ ರೈಲಿಗೆ ಹತ್ತಿಸಿ ದಾಟಿಸುತ್ತಾರೆ. ಮೇಲಿನ ದಾರಿ ಆಸೆಗೆ, ಕೆಳಗಿನದು ಭರವಸೆಗೆ. ಪಾಸ್ ತೆರೆದಿದೆಯೇ ಮುಚ್ಚಿದೆಯೇ ಎಂದು ಕಣಿವೆಯ ಬುಡದಲ್ಲೇ ಫಲಕ ಹಾಕಿರುತ್ತಾರೆ. ಅದನ್ನು ನಂಬಿ, ಫೋನಿನ ನಕಾಶೆಯನ್ನಲ್ಲ. ಬೆಟ್ಟ ಎಷ್ಟು ದೊಡ್ಡ ಅಡ್ಡಿ ತರಬಲ್ಲದೆಂದು ತಿಳಿಯಲು ನೀಸ್ ಪಕ್ಕದ ತಾಂದ್ ಸುರಂಗವೇ ಸಾಕು: ಅಕ್ಟೋಬರ್ 2020ರ ಅಲೆಕ್ಸ್ ಬಿರುಗಾಳಿಗೆ ರಸ್ತೆ ಕೊಚ್ಚಿಹೋಗಿ, ಫ್ರಾನ್ಸ್–ಇಟಲಿ ನಡುವಿನ ಆ ದಾರಿ ವರ್ಷಗಟ್ಟಲೆ ಬಂದ್ ಆಗಿತ್ತು.

ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಬೊನೆಟ್ ಮೇಲೆ ಹಾದು ಬಾರ್ಸಲೊನೆಟ್ ತಲುಪಲು ಸುಮಾರು 150 ಕಿಲೋಮೀಟರ್, ಅದಕ್ಕೇ ಅರ್ಧ ದಿನ ಬೇಕು. ದಿನಕ್ಕೆ ಎರಡು ಪಾಸ್ ಮೀರಿದರೆ ಓಡಿಸುವವರು ರಸ್ತೆ ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ. ಮೂರೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿರಲಿ, ಮೂಲ ಲೈಸೆನ್ಸೂ ಇರಲಿ. ಬಾಡಿಗೆ ಕಾರನ್ನು ಯಾವ ದೇಶಗಳಿಗೆ ಒಯ್ಯುತ್ತೀರಿ ಎಂದು ಮೊದಲೇ ತಿಳಿಸಿ. ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ದೊಡ್ಡದು. ಸ್ವಿಸ್ ಮೋಟಾರ್‌ವೇ ಹತ್ತಲು 40 ಫ್ರಾಂಕ್‌ನ ವಿನ್ಯೆಟ್ (ರಸ್ತೆ ಶುಲ್ಕದ ಚೀಟಿ) ಬೇಕು. ಇಟಲಿಯ ಹಳೆಪೇಟೆಗಳ ನಿರ್ಬಂಧಿತ ವಲಯಕ್ಕೆ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ನೋಟಿಸ್ ಮನೆಗೇ ಬರುತ್ತದೆ. ಬಂಕಿನಲ್ಲಿ ಭಾಷೆ ತಿಳಿಯದಿದ್ದರೆ ಗುರುತು ನೋಡಿ: ವೃತ್ತದೊಳಗೆ ಇ5, ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಹೊಸ ಕಾರುಗಳ ಇಂಧನ ಮುಚ್ಚಳದ ಬಳಿಯೂ ಅದೇ ಗುರುತಿರುತ್ತದೆ.

ನಮ್ಮ ಘಾಟಿಗಳಲ್ಲಿ ಪಳಗಿದ ಕೈಗೆ ಈ ತಿರುವುಗಳು ಹೊಸತಲ್ಲ, ಹೊಸತಾಗಿರುವುದು ಬಲಬದಿಯ ಸಂಚಾರ. ಕಿರಿದಾದ ಜಾಗದಲ್ಲಿ ಏರಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಕಂಡರೆ ಅದು ಅಂಚೆ ಬಸ್ಸಿನ ಬೆಟ್ಟದ ದಾರಿ. ಕಷ್ಟದ ಜಾಗದಲ್ಲಿ ಬಸ್ ಚಾಲಕ ಹೇಳಿದಂತೆ ಹಿಂದೆ ಸರಿಯಬೇಕು. ತಿರುವಿನಾಚೆಯಿಂದ ಅದರ ಮೂರು ಸ್ವರದ ಹಾರ್ನ್ ಕೇಳಿದೊಡನೆ ನಿಧಾನಿಸಿ. ರೊಸ್ಸಿನಿಯ ‘ವಿಲಿಯಂ ಟೆಲ್’ ಸಂಗೀತದಿಂದ ಆಯ್ದ ಸ್ವರಗಳವು.

ನಿಮ್ಮ ಪಟ್ಟಿ ಸಿದ್ಧವಾದ ಮೇಲೆ ಅದರಿಂದ ಒಂದು ಪಾಸ್ ಹೊಡೆದುಹಾಕಿ, ಆ ದಿನವನ್ನು ಖಾಲಿ ಬಿಡಿ. ಮಳೆ, ಮಂಜು, ದುರಸ್ತಿ ಯಾವುದಾದರೊಂದು ಆ ದಿನವನ್ನು ಕೇಳಿಯೇ ಕೇಳುತ್ತದೆ. ಕೇಳದಿದ್ದರೆ ಇಷ್ಟವಾದ ಹಳ್ಳಿಯಲ್ಲಿ ಇನ್ನೊಂದು ರಾತ್ರಿ ಉಳಿಯಿರಿ.